ಕೆಟ್ಟ ಹಾಳೆಯ ಮುಳ್ಳುಹಂದಿ

ಮಾನ್ಯ ಅಧ್ಯಕ್ಷರೇ, ಗ್ರಂಥಾಲಯಕ್ಕೆ ಬೀಗ ಹಾಕಿ ನಮಗಾಗಿ ಬಂದಿರುವ ಮುಖ್ಯ ಅತಿಥಿ ಮೇಡಂ ಅವರೇ, ಪುಸ್ತಕ ಕಟ್ಟುವವರ ಸಂಘದ ಹಿರಿಯರೇ, ಅವರನ್ನು ಕಟ್ಟಿಕೊಂಡು ಬಾಳುತ್ತಿರುವ ನನ್ನ ಅಕ್ಕತಂಗಿಯರೇ, ಸಭಿಕರೇ, ಹಾಗೂ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತು ನನ್ನೊಬ್ಬಳನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡುತ್ತಿರುವ ನಮ್ಮ ಮನೆಯವರೇ,

ಮೊದಲು ದೇವರನ್ನು ನೆನೆಯುತ್ತೇನೆ. ಯಾವ ಕೆಲಸಕ್ಕೂ ನಾನು ಅವನನ್ನು ನೆನೆಯದೆ ಕೈ ಹಾಕುವವಳಲ್ಲ. ಕಾಗದ ಮಡಿಸುವಾಗಲೂ ಅಷ್ಟೆ, ಮೊದಲ ಮಡಿಕೆಗೆ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚುತ್ತೇನೆ. ಭಾಷಣ ಮಾಡುವುದು ನನಗೆ ಕಾಗದ ಮಡಿಸುವುದಕ್ಕಿಂತ ಕಷ್ಟ. ಮಡಿಕೆ ತಪ್ಪಿದರೆ ಬಿಚ್ಚಬಹುದು. ಮಾತು ತಪ್ಪಿದರೆ?

ಕಾರ್ಯದರ್ಶಿಗಳು ಮನೆಗೆ ಬಂದು, "ಅಮ್ಮಾ, ಅಣ್ಣನವರ ಪರವಾಗಿ ನೀವೇ ಎರಡು ಮಾತಾಡಿಬಿಡಿ. ಅಣ್ಣನವರು ಕೆಲಸ ನಿಲ್ಲಿಸ್ತಿದ್ದಾರೆ, ಸಾಮಾನೆಲ್ಲ ಸಂಘದ ಗಾಜಿನ ಬೀರುವಿಗೆ ಕೊಡ್ತಿದ್ದಾರೆ, ಎಲ್ಲರಿಗೂ ಧನ್ಯವಾದ ಅಂತ ಹೇಳಿದ್ರೆ ಆಯ್ತು" ಎಂದರು. ಆಮಂತ್ರಣದಲ್ಲೂ ಹಾಗೇ ಅಚ್ಚಾಗಿದೆ, ನೋಡಿದ್ದೀರಿ. ನಮ್ಮವರೇ ಯಾಕೆ ಮಾತಾಡಬಾರದು ಎಂದು ಕೇಳಿದೆ. "ಅವರು ಆಗಲ್ಲ ಅಂದ್ರು, ನನ್ನ ಹೆಂಡತಿಗೆ ಹೇಳಿ, ಅವಳಿಗೆ ಬಾಯಿದೆ ಅಂದ್ರು" ಎಂದರು. ಇದೆ. ಅದಕ್ಕೇ ಬಂದು ನಿಂತಿದ್ದೇನೆ. ಎರಡು ಮಾತಿಗೆ ಮುಗಿಯುತ್ತದೆ ಎಂದು ಮಾತ್ರ ಯಾರೂ ನಂಬಿಕೊಂಡು ಕೂರಬೇಡಿ.

ನಮ್ಮವರನ್ನು ನೀವೆಲ್ಲ ಬಾಚಣಿಗೆಯಣ್ಣ ಎಂದು ಕರೆಯುತ್ತೀರಿ. ಹೊಸಬರು ಅವರ ತಲೆ ನೋಡಿ, ಇದೇನಪ್ಪ ಗೇಲಿ ಎಂದುಕೊಳ್ಳುತ್ತಾರೆ. ಆ ಬಾಚಣಿಗೆ ಬೇರೆ. ಮುಖ್ಯ ಅತಿಥಿಗಳಿಗಾಗಿ ಹೇಳುತ್ತೇನೆ. ಹಳೆಯ ಒಳ್ಳೆಯ ಪುಸ್ತಕಗಳ ರಟ್ಟು ತೆರೆದರೆ ಒಳಗಡೆ ಬಣ್ಣದ ಅಲೆಗಳಿರುವ ಹಾಳೆ ಅಂಟಿಸಿರುತ್ತಾರಲ್ಲ, ಆ ಹಾಳೆ ಮಾಡುವುದು ಇವರ ಕೆಲಸ. ಹಿಟ್ಟಿನ ಅಂಟನ್ನು ತೆಳ್ಳಗೆ ಕುದಿಸಿ, ಸೋಸಿ, ಅದಕ್ಕೆ ಬಣ್ಣ ಬೆರೆಸುತ್ತಾರೆ. ಒದ್ದೆ ಹಾಳೆಯನ್ನು ಕಲ್ಲಿನ ಹಲಗೆಯ ಮೇಲೆ ಹಾಸಿ, ಬಣ್ಣದ ಅಂಟನ್ನು ಅಗಲ ಕುಂಚದಲ್ಲಿ ಬಳಿದು, ಅದು ಹಸಿ ಇರುವಾಗಲೇ ಮರದ ಬಾಚಣಿಗೆಯನ್ನು ಈ ತುದಿಯಿಂದ ಆ ತುದಿಗೆ ಎಳೆಯುತ್ತಾರೆ. ಎಳೆಯುವಾಗ ಉಸಿರು ಬಿಡುವಂತಿಲ್ಲ. ಕೈ ನಿಂತರೆ ಗೆರೆ ನಿಂತಿತು. ಕೈ ಅಲುಗಿದರೆ ಗೆರೆ ಅಲುಗಿತು. ಆ ಕೋಣೆಯಲ್ಲಿ ಅವರು ಬಾಚಣಿಗೆ ಹಿಡಿದರೆಂದರೆ ನಾನು ಹೊಸಲಾಚೆ ನಿಂತು ನನ್ನ ಉಸಿರನ್ನೂ ಹಿಡಿಯುತ್ತಿದ್ದೆ. ಅಷ್ಟು ಚೆಂದದ ಗೆರೆಗಳು. ಗದ್ದೆ ಉತ್ತ ಹಾಗೆ, ಅಲೆ ಬಂದ ಹಾಗೆ, ಹಕ್ಕಿಯ ಪುಕ್ಕದ ಹಾಗೆ.

ಇನ್ನು ನನ್ನ ವಿಷಯ. ನಾನು ಹಳ್ಳಿ ಶಾಲೆಯಲ್ಲಿ ಓದಿದವಳು. ಒಂದೇ ಕೋಣೆ, ನಾಲ್ಕು ತರಗತಿ, ಒಬ್ಬರೇ ಟೀಚರು. ಅವರು ಒಂದು ತರಗತಿಗೆ ಪಾಠ ಹೇಳುವಾಗ ಮಿಕ್ಕ ಮೂರು ತರಗತಿ ಗಲಾಟೆ ಮಾಡಬಾರದಲ್ಲ? ಅದಕ್ಕೆ ಬಿಸ್ಕತ್ತಿನ ಪೊಟ್ಟಣದ ಕಾಗದವನ್ನು ಚೌಕಚೌಕ ಕತ್ತರಿಸಿ ಕೊಟ್ಟು, "ಕಪ್ಪೆ ಮಾಡ್ರಪ್ಪಾ, ಬಾಯಿ ಮುಚ್ಕೊಂಡು" ಎನ್ನುತ್ತಿದ್ದರು. ನಾನು ಮಾಡಿದ ಕಪ್ಪೆ ಹಾರಿ ಟೀಚರ ಮೇಜಿನ ಮೇಲೆ ಕೂತಿತು. ಏಟು ಬಿತ್ತು. ಆದರೆ ಏಟು ಹಾಕಿದ ಮೇಲೆ ಟೀಚರು ಆ ಕಪ್ಪೆಯನ್ನು ತಮ್ಮ ಚೀಲದೊಳಗೆ ಹಾಕಿಕೊಂಡಿದ್ದನ್ನು ನಾನು ನೋಡಿದೆ. ಆವತ್ತಿನಿಂದ ನನ್ನ ಕೈ ಸುಮ್ಮನೆ ಕೂತಿಲ್ಲ. ಇದಕ್ಕೆ ಒರಿಗಾಮಿ ಎಂಬ ಹೆಸರಿದೆ, ದೊಡ್ಡದೊಡ್ಡವರು ಇದನ್ನು ಮಾಡುತ್ತಾರೆ ಎಂಬುದೆಲ್ಲ ನನಗೆ ತಿಳಿದದ್ದು ಆಮೇಲೆ. ಒಂದೇ ಚೌಕದ ಹಾಳೆ. ಕತ್ತರಿ ಮುಟ್ಟಿಸುವಂತಿಲ್ಲ, ಏನನ್ನೂ ಅಂಟಿಸುವಂತಿಲ್ಲ. ಕಾಲು, ಕಿವಿ, ಬಾಲ, ಮುಳ್ಳು ಎಲ್ಲ ಅದರೊಳಗಿಂದಲೇ ಬರಬೇಕು. ದೇವರು ಅದರೊಳಗೆ ಮೊದಲೇ ಇಟ್ಟಿರುತ್ತಾನೆ ಎಂದು ನಾನು ನಂಬುತ್ತೇನೆ. ನಮ್ಮವರು ಇದಕ್ಕೆ, "ಹಾಗಾದ್ರೆ ಹೊರಗೆ ಎಳೆಯೋಕೆ ನಿನಗೆ ಯಾಕೆ ಒಂದು ವಾರ ಬೇಕು?" ಎನ್ನುತ್ತಾರೆ.

ಈಗ ಯೋಚನೆ ಮಾಡಿ ಸಭಿಕರೇ. ಹಾಳೆಯನ್ನು ಚಪ್ಪಟೆಯಾಗಿ, ಒಂದು ಸುಕ್ಕಿಲ್ಲದಂತೆ ಇಡಬೇಕು ಎನ್ನುವ ಗಂಡಸು. ಹಾಳೆ ಕಂಡರೆ ಮಡಿಸುವ ಹೆಂಗಸು. ಇವರಿಬ್ಬರಿಗೆ ಗಂಟು ಹಾಕಿದವರು ಯಾರು? ನನ್ನ ನಾದಿನಿ. ಎರಡನೇ ಸಾಲಿನಲ್ಲಿ ಕೂತು ಮುಖ ಮುಚ್ಚಿಕೊಳ್ಳುತ್ತಿದ್ದಾಳೆ ನೋಡಿ. "ನಮ್ಮಣ್ಣನೂ ಕಾಗದದ ಕೆಲಸ, ನೀವೂ ಕಾಗದದ ಕೆಲಸ, ಚೆನ್ನಾಗಿರತ್ತೆ" ಎಂದವಳು ಅವಳೇ.

ಮದುವೆಯಾದ ಹೊಸತು. ಅವರ ಕೋಣೆಯಲ್ಲಿ ಹಗ್ಗದ ಮೇಲೆ ಹಾಳೆಗಳು ಒಣಗುತ್ತಿದ್ದವು. ಒಂದು ಹಾಳೆ ನೆಲಕ್ಕೆ ಬಿದ್ದಿತ್ತು. ಬಿದ್ದದ್ದು ಬೇಡವಾದದ್ದು ಇರಬೇಕು ಎಂದುಕೊಂಡೆ. ಹಸಿರು ಮತ್ತು ಕಂದು ಗೆರೆ. ನೋಡಿದ ಕೂಡಲೇ ಆಮೆ ಕಂಡಿತು. ಕೂತು ಮಡಿಸಿಬಿಟ್ಟೆ. ಬೆನ್ನಿನ ಮೇಲೆ ಚಿಪ್ಪಿನ ಪಟ್ಟಿಗಳೆಲ್ಲ ಎದ್ದು ಬಂದ ಒಳ್ಳೆಯ ಆಮೆ. ಅವರ ಊಟದ ತಟ್ಟೆಯ ಪಕ್ಕ ಇಟ್ಟೆ, ಮೆಚ್ಚುತ್ತಾರೆ ಅಂತ. ಅವರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಒಂದೊಂದೇ ಮಡಿಕೆ ಬಿಚ್ಚಲು ಶುರುಮಾಡಿದರು. ನನ್ನ ಕಣ್ಣೆದುರಿಗೇ ಆಮೆಯ ತಲೆ ಹೋಯಿತು, ಕಾಲು ಹೋಯಿತು. "ಇದು ಹಾಳೆ ಕಣೇ, ಕರ್ಚೀಫ್ ಅಲ್ಲ" ಎಂದರು. ನಾನೂ ಸುಮ್ಮನಿರಲಿಲ್ಲ. "ಹಾಳೆ ಅಂತ ನನಗೂ ಗೊತ್ತು ರೀ. ನೀವು ಬಿಚ್ಚಿದ್ದು ಆಮೆ ಅಂತ ನಿಮಗೆ ಗೊತ್ತಾ?" ಎಂದೆ.

ಆ ಹಾಳೆಯನ್ನು ಅವರು ಭಾರದ ಕೆಳಗಿಟ್ಟರು. ಒದ್ದೆ ಮಾಡಿ ಎಳೆದರು. ಏನು ಮಾಡಿದರೂ ಮಡಿಕೆಯ ಗುರುತು ಹೋಗಲಿಲ್ಲ. ಕೊನೆಗೆ ನಮ್ಮ ಅಧ್ಯಕ್ಷರು, ಆಗಿನ್ನೂ ಅವರು ಅಧ್ಯಕ್ಷರಲ್ಲ, ಅದನ್ನು ಯಾವುದೋ ದಪ್ಪ ಪುಸ್ತಕದ ರಟ್ಟಿಗೆ ಅಂಟಿಸಿ ಕೈತೊಳೆದುಕೊಂಡರು. ಮೇಡಂ, ಆ ಪುಸ್ತಕ ನಿಮ್ಮ ಗ್ರಂಥಾಲಯದಲ್ಲಿ ಎಲ್ಲೋ ಇದೆ. ಓರೆಯಾಗಿ ಬೆಳಕು ಬಿದ್ದರೆ ರಟ್ಟಿನ ಒಳಗೆ ಒಂದು ಆಮೆಯ ಗೆರೆಗಳು ಕಾಣುತ್ತವೆ. ದಯವಿಟ್ಟು ಹುಡುಕಬೇಡಿ, ಅಧ್ಯಕ್ಷರ ಮಾನದ ಪ್ರಶ್ನೆ.

ಆಮೇಲೆ ನಮ್ಮ ಮನೆಯಲ್ಲಿ ಒಂದು ಒಪ್ಪಂದವಾಯಿತು. ಒಳ್ಳೆಯ ಹಾಳೆಗೆ ನಾನು ಕೈ ಹಚ್ಚುವಂತಿಲ್ಲ. ಕೆಟ್ಟ ಹಾಳೆಗಳನ್ನು ಅವರು ಬಾಗಿಲ ಪಕ್ಕದ ಕೆಳ ಹಲಗೆಯಲ್ಲಿ ಇಡುತ್ತಾರೆ, ಅವು ನನ್ನವು. ಮೊದಮೊದಲು ಬಂದದ್ದು ನಿಜವಾಗಿಯೂ ಕೆಟ್ಟವೇ. ಬಣ್ಣ ಸೋರಿದ್ದು, ಅಂಚು ಹರಿದದ್ದು, ನೊಣ ಕೂತು ಅಂಟಿಕೊಂಡದ್ದು. ನೊಣ ಕೂತ ಹಾಳೆಯಲ್ಲಿ ಹಲ್ಲಿ ಮಾಡಿದೆ, ನೊಣ ಅದರ ಬಾಯಿಯ ಹತ್ತಿರವೇ ಬಂತು. ಅವರು ನಗಲಿಲ್ಲ. ಆದರೆ ಮಾರನೇ ದಿನ ಬಂದ ಗಿರಾಕಿಗೆ ತೋರಿಸುತ್ತಿದ್ದರು.

ಅದೇ ಹೊತ್ತಿಗೆ ಪ್ರಾಣಿಗಳನ್ನು ಮಡಿಸುವ ಒಂದು ಪುಸ್ತಕ ಹೊಸ ರಟ್ಟಿಗಾಗಿ ಅಧ್ಯಕ್ಷರ ಅಂಗಡಿಗೆ ಬಂತು. ಯಾವ ದೇಶದ ಅಕ್ಷರವೋ, ಒಂದೂ ಗೊತ್ತಾಗಲಿಲ್ಲ. ಆದರೆ ಬಾಣದ ಗುರುತಿಗೆ ಭಾಷೆ ಬೇಕೇ? ಚುಕ್ಕೆ ಗೆರೆಗೆ ಭಾಷೆ ಬೇಕೇ? ನಮ್ಮ ಅಧ್ಯಕ್ಷರು ಆ ಪುಸ್ತಕ ಕಟ್ಟಲು ತೆಗೆದುಕೊಂಡಷ್ಟು ಕಾಲವನ್ನು ಬೇರೆ ಯಾವ ಪುಸ್ತಕಕ್ಕೂ ತೆಗೆದುಕೊಂಡಿಲ್ಲ. ಗಿರಾಕಿ ಬಂದು ಕೇಳಿದಾಗಲೆಲ್ಲ, "ಅಂಟು ಇನ್ನೂ ಒಣಗಿಲ್ಲ ಸ್ವಾಮಿ, ಹವಾ ಸರಿಯಿಲ್ಲ" ಎಂದು ಹೇಳಿ ಕಳಿಸಿ, ಸಂಜೆ ಅದನ್ನು ನಮ್ಮ ಮನೆಗೆ ತರುತ್ತಿದ್ದರು. ನಾನು ಇವತ್ತು ಏನೇ ಕಲಿತಿದ್ದರೂ ಒಣಗದ ಆ ಅಂಟಿನ ಪುಣ್ಯ.

ಕಪ್ಪೆ, ಆಮೆ ಬಿಟ್ಟು ದೊಡ್ಡ ಪ್ರಾಣಿಗಳಿಗೆ ಹೋದಾಗ ಒಂದು ಸಂಗತಿ ಗೊತ್ತಾಯಿತು. ಇಂಥ ಪ್ರಾಣಿಗೆ ನೂರಾರು ಮಡಿಕೆ ಬೀಳುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೀಳುತ್ತದೆ. ಬೇರೆ ಹಾಳೆ ಅಲ್ಲಿ ಸತ್ತೇಹೋಗುತ್ತದೆ. ಇವರ ಹಾಳೆ ಸಾಯುವುದಿಲ್ಲ. ಅದರಲ್ಲಿರುವ ಅಂಟು ಅದನ್ನು ಬಟ್ಟೆಯ ಹಾಗೆ ಮಾಡಿಬಿಟ್ಟಿರುತ್ತದೆ. ಸ್ವಲ್ಪ ತೇವ ಮಾಡಿದರೆ ಜೇಡಿಮಣ್ಣಿನ ಹಾಗೆ ಬಾಗುತ್ತದೆ, ಹೊಟ್ಟೆ ಎಂದರೆ ಹೊಟ್ಟೆಯಾಗುತ್ತದೆ, ಬೆನ್ನು ಎಂದರೆ ಬೆನ್ನಾಗುತ್ತದೆ. ಒಣಗಿದ ಮೇಲೆ ರಟ್ಟಿನ ಹಾಗೆ ಗಟ್ಟಿ. ಆನೆ, ಒಂಟೆ, ಚಿಪ್ಪುಹಂದಿ, ಗೂಬೆ, ಏಡಿ, ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಾಡೇ ಆಯಿತು. ಪತ್ರಿಕೆಯವರು ಬಂದು ಫೋಟೋ ತೆಗೆದರು. ಪ್ರದರ್ಶನಕ್ಕೆ ಕರೆದರು. ಎಲ್ಲ ಕಡೆಯೂ ನನ್ನ ಬೆರಳನ್ನು ಹೊಗಳಿದರು. ಹಾಳೆ ಯಾರದು ಎಂದು ಕೇಳಿದವರು ಕಡಿಮೆ. ಇವರು ಹಿಂದುಗಡೆ ನಿಂತು ಡಬ್ಬಿ ಹಿಡಿದುಕೊಂಡಿರುತ್ತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು. "ಗೆರೆ ಎಲ್ಲ ಒಳಗಡೆ ಹೋಯ್ತಲ್ಲೇ. ನನ್ನ ಗೆರೆ ಒಂದೂ ಕಾಣಲ್ಲ."

ನಿಜ. ಕಾಣುತ್ತಿರಲಿಲ್ಲ. ಅಷ್ಟು ಮಡಿಕೆ ಬಿದ್ದಮೇಲೆ ಯಾವ ಗೆರೆ ಎಲ್ಲಿಗೆ ಹೋಯಿತೋ ಯಾರಿಗೆ ಗೊತ್ತು? ಬಣ್ಣ ಉಳಿಯುತ್ತದೆ, ಗೆರೆ ಉಳಿಯುವುದಿಲ್ಲ. ಇಷ್ಟು ವರ್ಷ ನಮ್ಮ ಮನೆಯ ಜಗಳ ಅಂದರೆ ಇದೊಂದೇ. ಬೇರೆಯವರ ಮನೆಯಲ್ಲಿ ಮಕ್ಕಳ ವಿಷಯಕ್ಕೆ ಜಗಳ ಬರುತ್ತದೆ. ನಮಗೆ ಮಕ್ಕಳಾಗಲಿಲ್ಲ. ದೇವರ ಇಷ್ಟ. ನಾವು ಹಾಳೆಗೇ ಜಗಳವಾಡಿಕೊಂಡೆವು.

ಇಷ್ಟೆಲ್ಲ ಜಗಳವಾಡುತ್ತಿದ್ದವರು ಕೆಳ ಹಲಗೆಯಲ್ಲಿ ಏನು ಇಡುತ್ತಿದ್ದರು ಗೊತ್ತೇ? ಬರಬರುತ್ತ ಅಲ್ಲಿ ಹಾಳೆಗಳು ಜಾಸ್ತಿಯಾದವು. ಒಂದು ದಿನ ನೀಲಿಯ ಮೇಲೆ ಬೆಳ್ಳಿಯ ಅಲೆ ಇರುವ ಹಾಳೆ ಸಿಕ್ಕಿತು. ಕಿಟಕಿಯ ಹತ್ತಿರ ಒಯ್ದು ಹಿಡಿದೆ. ತಿರುಗಿಸಿದೆ. ಹಿಂಬದಿ ನೋಡಿದೆ. ಎಲ್ಲಿಯೂ ಒಂದು ಚುಕ್ಕೆ ದೋಷವಿಲ್ಲ. "ರೀ, ಇದರಲ್ಲೇನು ಕೆಟ್ಟಿದೆ?" ಎಂದು ಕೇಳಿದೆ. ಅವರು ತಲೆಯೆತ್ತದೆ, "ಕೆಟ್ಟಿದೆ ಅಂದ್ರೆ ಕೆಟ್ಟಿದೆ. ನಿನಗೆ ಅದೆಲ್ಲ ಗೊತ್ತಾಗಲ್ಲ" ಎಂದರು. ಗೊತ್ತಾಗಲ್ಲವೇನೋ ಎಂದುಕೊಂಡೆ. ಅವರ ಕಣ್ಣಿಗೆ ಕಾಣುವ ದೋಷ ನನ್ನ ಕಣ್ಣಿಗೆ ಕಾಣದಿರಬಹುದು, ಅವರ ವಿದ್ಯೆ ಅಷ್ಟು ದೊಡ್ಡದು ಎಂದುಕೊಂಡೆ. ಆ ಹಾಳೆಯಲ್ಲಿ ಕೊಕ್ಕರೆ ಮಾಡಿದೆ. ನನ್ನ ದಡ್ಡತನ ನೋಡಿ, ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ.

ಆಮೇಲೆ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಲೋಟ ಹಿಡಿದಾಗ. ಆಮೇಲೆ ಅಂಗಿಯ ಗುಂಡಿ ಹಾಕುವಾಗ. ನರದ ತೊಂದರೆ, ಮಾತ್ರೆಯಿಂದ ಹೆಚ್ಚಾಗದಂತೆ ನೋಡಿಕೊಳ್ಳಬಹುದು, ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ನೇರವಾಗಿ ಹೇಳುವವರನ್ನು ಕಂಡರೆ ನನಗೆ ಗೌರವ. ಆ ವಾರ ಕೆಳ ಹಲಗೆಯಲ್ಲಿ ಒಂದು ಕಟ್ಟು ಹಾಳೆ ಇತ್ತು. ತೆಗೆದು ನೋಡಿದೆ. ಗೆರೆಗಳು ಹುಳ ಹರಿದ ಹಾಗೆ. ಕೆಲವು ಹಾಳೆಯಲ್ಲಿ ಅರ್ಧಕ್ಕೇ ಬಾಚಣಿಗೆ ಎತ್ತಿಬಿಟ್ಟಿದ್ದಾರೆ. ಸಭಿಕರೇ, ಕೆಟ್ಟ ಹಾಳೆ ಅಂದರೆ ಏನೆಂದು ನನಗೆ ಗೊತ್ತಾದದ್ದು ಆವತ್ತು. ಅದು ಗೊತ್ತಾದಾಗಲೇ ಇನ್ನೊಂದೂ ಗೊತ್ತಾಯಿತು. ಮೊದಮೊದಲಿನವನ್ನು ಬಿಟ್ಟರೆ, ಇಷ್ಟು ವರ್ಷ ಆ ಮನುಷ್ಯ ನನಗೆ ಕೊಟ್ಟದ್ದರಲ್ಲಿ ಕೆಟ್ಟ ಹಾಳೆ ಇರಲೇ ಇಲ್ಲ. ಒಳ್ಳೆಯದನ್ನೇ ಕೆಟ್ಟದ್ದು ಎಂದು ಹೇಳಿ ಇಡುತ್ತಿದ್ದರು. ಮಡಿಸಬೇಡ ಎಂದು ಬಾಯಲ್ಲಿ ಬೈಯುವುದು, ಮಡಿಸಿಕೋ ಎಂದು ಕೈಯಲ್ಲಿ ಇಡುವುದು.

ಈಗ ಫ್ಯಾನು ನೋಡಿ ಪ್ರಯೋಜನವಿಲ್ಲ ರೀ. ನಾನು ಎಲ್ಲರಿಗೂ ಹೇಳಿಯಾಯಿತು.

ಅವತ್ತು ನಾನು ದೇವರ ಮುಂದೆ ಕೂತು ಒಂದು ಮಾತು ಕೇಳಿದೆ. ಕೇಳಬಾರದಿತ್ತೇನೋ. ಎರಡು ಜೊತೆ ಕೈಗಳಲ್ಲಿ ನೀನು ಅದನ್ನೇ ಯಾಕೆ ಆರಿಸಿಕೊಂಡೆ, ನನ್ನದಿತ್ತಲ್ಲ, ಅದು ಬರೀ ಆಟದ ಕೈ, ಅವರದು ಕೆಲಸದ ಕೈ, ಎಂದು ಕೇಳಿದೆ. ಅವನಿಗೆ ಲೆಕ್ಕ ಹೇಳಿಕೊಡುವಷ್ಟು ದೊಡ್ಡವಳು ನಾನಲ್ಲ. ಪ್ರಾರ್ಥನೆ ಮಾತ್ರ ಬಿಡಲಿಲ್ಲ. ಕೋಪದಲ್ಲೇ ಮಾಡಿದೆ. ಅವನು ಎಂಥೆಂಥವರ ಕೋಪ ಕಂಡಿದ್ದಾನೋ.

ಅಲ್ಲಿಂದಾಚೆಗೆ ನಮ್ಮವರು ಆ ಕೋಣೆಯ ಬಾಗಿಲು ತೆಗೆಯಲಿಲ್ಲ. ಸಂಘಕ್ಕೆ ಹೇಳಿ ಕಳಿಸಿದರು, ಸಾಮಾನೆಲ್ಲ ತೆಗೆದುಕೊಂಡು ಹೋಗಿ ಎಂದು. ಕೆಳ ಹಲಗೆಯ ಹಾಳೆ ಮುಗಿಯುತ್ತ ಬಂದಂತೆ ನಾನು ಅಂಗಡಿಯ ಹಾಳೆಗಳಿಗೆ ಕೈಹಾಕಿದೆ. ಉಡುಗೊರೆ ಸುತ್ತುವ ಚಿನ್ನದ ಬಣ್ಣದ ಹಾಳೆ ತಂದೆ. ಮಡಿಕೆ ಬಿದ್ದಲ್ಲೆಲ್ಲ ಚಿನ್ನ ಉದುರಿ ಒಳಗಿನ ಬಿಳಿ ಹಲ್ಲು ಕಿಸಿಯಿತು. ಗೋಡೆಗೆ ಅಂಟಿಸುವ ಹೂವಿನ ಹಾಳೆಯಲ್ಲಿ ಘೇಂಡಾಮೃಗ ಮಾಡಿದೆ. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗಿ, ಕುಡಿದು ಬಂದವನ ಹಾಗೆ ಮೇಜಿನ ಮೇಲೆ ಮಲಗಿತು. ತಗಡಿನಂಥ ಮಿರುಗುವ ಹಾಳೆ ತಂದೆ. ಅದು ಜಗಳಗಂಟಿ ಅತ್ತೆ ಇದ್ದ ಹಾಗೆ, ಒಮ್ಮೆ ಆದ ತಪ್ಪನ್ನು ಯಾವತ್ತೂ ಮರೆಯುವುದಿಲ್ಲ. ಇಲ್ಲಿರುವ ಅತ್ತೆಯರು ಬೇಜಾರು ಮಾಡಿಕೊಳ್ಳಬೇಡಿ, ನಾನು ಒಳ್ಳೆಯ ಅತ್ತೆಯರ ಬಗ್ಗೆ ಹೇಳಲಿಲ್ಲ.

ಕೊನೆಗೆ ಅವರ ಹತ್ತಿರವೇ ಹೋದೆ. "ರೀ, ಗೆರೆ ಎಳೀಬೇಡಿ. ಬರೀ ಬಣ್ಣದ ಅಂಟು ಬಳಿದು ಒಣಗಿಸಿ ಕೊಡಿ. ಅಷ್ಟು ಸಾಕು ನನಗೆ" ಎಂದೆ. ಎಷ್ಟು ಸಿಟ್ಟು ಬಂತು ಗೊತ್ತೇ? "ಗೆರೆ ಇಲ್ಲದ ಹಾಳೆಗೆ ನಾನ್ಯಾಕೆ? ಗೋಡೆಗೆ ಸುಣ್ಣ ಬಳಿಯೋನನ್ನ ಕರಿ" ಎಂದರು. "ಅವನು ಕುದಿಸಿದ ಅಂಟು ಪ್ರಾಣಿ ಹಿಡ್ಕೊಳತ್ತಾ?" ಎಂದೆ. ಎದ್ದು ಹಿತ್ತಲಿಗೆ ಹೋದರು. ಮತ್ತೊಂದು ದಿನ ಕೇಳಿದೆ. ರೇಡಿಯೋ ಜೋರು ಮಾಡಿದರು. ಮನೆಯಲ್ಲಿ ಅವರಿಗೆ ತಪ್ಪಿಸಿಕೊಳ್ಳಲು ಹಿತ್ತಲಿದೆ, ರೇಡಿಯೋ ಇದೆ. ಇಲ್ಲಿ? ಒಂದು ಕಡೆ ಖಜಾಂಚಿಗಳು, ಇನ್ನೊಂದು ಕಡೆ ಅಚ್ಚುಕೂಟದ ಮಾಲೀಕರು. ಇಬ್ಬರೂ ದಪ್ಪ ಆಳು. ಕಾರ್ಯದರ್ಶಿಗಳು ಭಾಷಣ ಮಾಡಿ ಎಂದಾಗ ನಾನು ಯಾಕೆ ಅಷ್ಟು ಬೇಗ ಹ್ಞೂಂ ಅಂದೆ ಎಂದು ಈಗ ನಿಮಗೆ ಅರ್ಥವಾಗಿರಬೇಕು.

ಈ ಮೇಜಿನ ಮೇಲೆ ಎರಡು ಮುಳ್ಳುಹಂದಿಗಳಿವೆ. ಎರಡೂ ಕಪ್ಪು ಮತ್ತು ಬೂದು. ಎರಡಕ್ಕೂ ತಲೆಯಿಂದ ಬಾಲದವರೆಗೆ ಮುಳ್ಳು, ಎರಡೂ ಒಂದೊಂದೇ ಹಾಳೆ. ಸಭೆ ಶುರುವಾಗುವ ಮುಂಚೆ ಮೇಡಂ ಅವರು ಎಡಗಡೆಯದನ್ನು ಕೈಗೆತ್ತಿಕೊಂಡು, ಅಬ್ಬಾ, ಎಂಥ ಹಾಳೆ ಎಂದರು. ಅಧ್ಯಕ್ಷರು ಬಲಗಡೆಯದನ್ನು ಎತ್ತಿ, ಇದು ಇನ್ನೂ ಚೆನ್ನಾಗಿದೆ ಎಂದರು. ಇವುಗಳಲ್ಲಿ ಒಂದು, ನಮ್ಮವರು ಕೈ ಗಟ್ಟಿಯಿದ್ದಾಗ ಎಳೆದ ಗೆರೆಯ ಹಾಳೆ. ಇನ್ನೊಂದು ನಡುಗುವ ಕೈಯಲ್ಲಿ ಎಳೆದು, ತಾವೇ ನೋಡಲಾರದೆ ಹಲಗೆಗೆ ಎಸೆದದ್ದು. ಯಾವುದು ಯಾವುದು? ಇಡೀ ಸಂಘ ಬಂದು ನೋಡಿ. ಹೊಟ್ಟೆ ಬಿಚ್ಚಿ ನೋಡದೆ ಹೇಳಲು ನನ್ನಿಂದಲೂ ಆಗುವುದಿಲ್ಲ.

ಕೈ ನಡುಗಿದ್ದರಿಂದಲೇ ಇದಕ್ಕೊಂದು ಹೊಸ ಅಂದ ಬಂತು ಎಂದು ಭಾಷಣಕಾರರು ಯಾರಾದರೂ ಹೇಳಬಹುದು. ಕೇಳುವುದಕ್ಕೆ ಚೆನ್ನಾಗಿರುತ್ತದೆ. ನಾನು ಹೇಳುವುದಿಲ್ಲ. ಅದು ಸುಳ್ಳು. ನಡುಗಿದ ಗೆರೆ ಕೆಟ್ಟ ಗೆರೆಯೇ. ಅವರಿಗೂ ಗೊತ್ತು, ನನಗೂ ಗೊತ್ತು. ಅವರಿಗೆ ಸುಳ್ಳು ಸಮಾಧಾನ ಹೇಳಿದರೆ ಅವರು ನನ್ನ ಮುಖ ನೋಡುವುದಿಲ್ಲ. ನಾನು ಹೇಳುವುದು ಬೇರೆ. ಗೆರೆ ಕಾಣುವುದೇ ಇಲ್ಲ, ರೀ. ಇಷ್ಟು ವರ್ಷ ನೀವು ಬಸ್ಸಿನಲ್ಲಿ ಕೂತು ದೂರಿದಿರಲ್ಲ, ನನ್ನ ಗೆರೆಯನ್ನೆಲ್ಲ ಒಳಗೆ ಹಾಕಿಬಿಟ್ಟೆ ಅಂತ? ಈಗಲೂ ಹಾಕುತ್ತೇನೆ. ನೆಟ್ಟಗಿರಲಿ, ಸೊಟ್ಟಗಿರಲಿ, ನನ್ನ ಮಡಿಕೆಗೆ ಅದರ ಗೊಡವೆಯಿಲ್ಲ. ಅದಕ್ಕೆ ಬೇಕಾದದ್ದು ನಿಮ್ಮ ಅಂಟು. ಎಷ್ಟು ತೆಳ್ಳಗೆ, ಎಷ್ಟು ಹೊತ್ತು, ಯಾವಾಗ ಇಳಿಸಬೇಕು ಎನ್ನುವುದು. ಅದು ನಿಮ್ಮ ಮೂಗಿನಲ್ಲಿದೆ, ಕಣ್ಣಿನಲ್ಲಿದೆ, ಪಾತ್ರೆಯ ಸದ್ದು ಕೇಳುವ ಕಿವಿಯಲ್ಲಿದೆ. ಡಾಕ್ಟರು ಮೂಗು ಕಿವಿಯ ಬಗ್ಗೆ ಏನೂ ಹೇಳಲಿಲ್ಲ. ಕಲಕುವುದಕ್ಕೆ, ಬಳಿಯುವುದಕ್ಕೆ ನನಗೆ ಕೈಯಿದೆ. ಹೇಳುವುದಕ್ಕೆ ನೀವಿರಬೇಕು.

ಇನ್ನು ಒಪ್ಪಿಸುವ ಕೆಲಸ. ಅಧ್ಯಕ್ಷರೇ, ಇಗೋ ಬಾಚಣಿಗೆಗಳು. ಅಗಲ ಹಲ್ಲಿನದು, ಸಣ್ಣ ಹಲ್ಲಿನದು, ಒಂದು ಬಿಟ್ಟು ಒಂದು ಹಲ್ಲಿನದು. ಮರದ ಹಿಡಿಯ ಮೇಲೆ ಅವರ ಹೆಬ್ಬೆರಳಿನ ಗುಳಿಯಿದೆ, ಒರೆಸಬೇಡಿ. ಇಗೋ ಈ ಒಂದು ಹಾಳೆ. ಕೈ ಕೆಡುವ ಮುಂಚೆ ಎಳೆದದ್ದರಲ್ಲಿ ನಮ್ಮಲ್ಲಿ ಮಡಿಸದೆ ಉಳಿದಿರುವುದು ಇದೊಂದೇ. ನಾದಿನಿ, "ಇದರಲ್ಲಿ ಏನಾದ್ರೂ ದೊಡ್ಡದು ಮಾಡಿ ಅತ್ತಿಗೆ, ನೆನಪಿಗೆ" ಎಂದಳು. ನಾನು ಮಾಡಲಿಲ್ಲ. ಇದು ಮಡಿಸುವ ಹಾಳೆಯಲ್ಲ. ಇದನ್ನು ಚಪ್ಪಟೆಯಾಗಿ, ಒಂದು ಸುಕ್ಕು ಬೀಳದಂತೆ, ಗಾಜಿನ ಹಿಂದೆ ಇಡಿ. ಬಂದವರೆಲ್ಲ ಗೆರೆ ನೋಡಲಿ. ಈ ಮಾತನ್ನು ನನ್ನ ಬಾಯಿಂದ ಕೇಳಲು ಅವರು ಬಹಳ ವರ್ಷ ಕಾದಿದ್ದಾರೆ.

ಕುಂಚಗಳು ಮತ್ತು ಈ ಅಂಟಿನ ಪಾತ್ರೆ, ಇವನ್ನು ಮಾತ್ರ ನಾನು ಕೊಡುವುದಿಲ್ಲ. ಆಮಂತ್ರಣದಲ್ಲಿ ಅಚ್ಚಾಗಿರಬಹುದು. ಅಚ್ಚಾದದ್ದೆಲ್ಲ ಆಗಲೇಬೇಕೇ? ಪಾತ್ರೆಯನ್ನು ಗಾಜಿನ ಬೀರುವಿನಲ್ಲಿ ಇಟ್ಟು ಏನು ನೋಡುತ್ತೀರಿ? ತಳ ಕಪ್ಪಗಿದೆ, ಅಷ್ಟೇ.

ನಾಳೆ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ನಾನೇ ಒಲೆ ಹಚ್ಚುತ್ತೇನೆ. ಅವರು ಆ ಕೋಣೆಗೆ ಬರಲಿ, ಬಿಡಲಿ. ನಾನೂ ಇಷ್ಟು ವರ್ಷ ಅಡುಗೆ ಮಾಡಿದವಳು, ಅಂಟು ಕುದಿಸುವುದೇನು ಮಹಾ ವಿದ್ಯೆ? ಪಾತ್ರೆ ತುಂಬ ನೀರಿಟ್ಟು, ಉರಿ ದೊಡ್ಡದು ಮಾಡಿ, ನೀರು ಕೊತಕೊತ ಕುದಿಯುವಾಗ ಹಿಟ್ಟನ್ನೆಲ್ಲ ಒಂದೇ ಸಲ ಸುರಿದು...

ಏನು? ಕೇಳಿಸಲಿಲ್ಲ.

ಅಕ್ಕತಂಗಿಯರೇ, ಸ್ವಲ್ಪ ನಗು ನಿಲ್ಲಿಸಿ. ಅಧ್ಯಕ್ಷರೇ, ನೀವಾದರೂ ನಿಲ್ಲಿಸಿ. ಅವರು ಏನೋ ಹೇಳುತ್ತಿದ್ದಾರೆ. ಜೋರಾಗಿ ಹೇಳಿ ರೀ, ಹಿಂದಿನವರಿಗೂ ಕೇಳಿಸಲಿ. ಗಂಟು ಕಟ್ಟುತ್ತದೆಯೇ? ಮೊದಲು ತಣ್ಣೀರಿನಲ್ಲಿ ಕಲಸಬೇಕೇ? ಹೌದೇ? ನನಗೆ ತಿಳಿಯಲೇ ಇಲ್ಲ ನೋಡಿ. ಉರಿ ಸಣ್ಣದಾ? ಎಷ್ಟು ಸಣ್ಣದು? ಬಾಯಲ್ಲಿ ಹೇಳಿದರೆ ನನಗೆ ಗೊತ್ತಾಗುವುದಿಲ್ಲ, ಕೈಯಲ್ಲಿ ತೋರಿಸಿ.

ಇಷ್ಟು. ಸರಿ. ಕಂಡಿತು. ಕೈ ಸ್ವಲ್ಪ ಅಲುಗುತ್ತಿದೆ, ಆದರೂ ಉರಿ ಎಷ್ಟಿರಬೇಕು ಎಂದು ಕೊನೆಯ ಸಾಲಿನವರಿಗೂ ಅರ್ಥವಾಯಿತು. ಇನ್ನೂ ಹೇಳುವುದಿದೆಯೇ? ಬಹಳ ಇದೆಯೇ? ಹಾಗಾದರೆ ಅದೆಲ್ಲ ಇಲ್ಲಿ ಬೇಡ. ನಾಳೆ ಒಲೆಯ ಮುಂದೆ ಸ್ಟೂಲು ಹಾಕಿಕೊಡುತ್ತೇನೆ, ಕೂತು ಬೈಯಿರಿ.

ಸಭಿಕರೇ, ಬೀಳ್ಕೊಡಲು ಬಂದವರನ್ನು ನಾನು ಬೀಳ್ಕೊಡಲು ಬಿಡದೆಯೇ ಕಳಿಸುತ್ತಿದ್ದೇನೆ, ಮನ್ನಿಸಿ. ಇಷ್ಟು ಹೊತ್ತು ಕೂತು ನಮ್ಮ ಮನೆಯ ಜಗಳ ಕೇಳಿದ್ದಕ್ಕೆ, ನಮ್ಮವರು ಎದ್ದು ಹೋಗದಂತೆ ಎರಡೂ ಕಡೆ ಕೂತಿದ್ದಕ್ಕೆ, ಮೇಡಂ ಅವರಿಗೆ, ಅಧ್ಯಕ್ಷರಿಗೆ, ಸಂಘದ ಎಲ್ಲರಿಗೂ ನಾನು ಋಣಿ. ದೇವರು ನಿಮ್ಮ ಕೈಗಳನ್ನು ಚೆನ್ನಾಗಿಟ್ಟಿರಲಿ. ಹೋಗುವಾಗ ಯಾರಾದರೂ ಆ ಪಾತ್ರೆಯನ್ನು ನಮ್ಮ ರಿಕ್ಷಾದಲ್ಲಿ ಇಟ್ಟುಕೊಡಿ. ಎಲ್ಲರಿಗೂ ನಮಸ್ಕಾರ.